ಚುಕ್ಕಿ ಆಟದ ಮೂರನೇ ಜೀವ

"ಬಳಿ ತಗದಿಟ್ಟು ಆಡ್ರಿ!"

ಆ ಮಾತು ಬಾಯಿಂದ ಬಿದ್ದದ್ದೇ ತಡ, ಉಮರಸಾಬನ ರೇಡಿಯೋ ಅಂಗಡಿ ಗಪ್ಪಾಯಿತು. ಅಲ್ಲಿಯವರೆಗೆ ಕಿಸಿಕಿಸಿ ನಗುತ್ತಿದ್ದವರ ಬಾಯಿಗೆ ಯಾರೋ ಬೀಗ ಹಾಕಿದ ಹಾಗೆ. ಕೌಂಟರಿನ ಹಿಂದೆ ಉಮರಸಾಬ ಹಣೆ ಚಚ್ಚಿಕೊಂಡ.

"ಯಾ ಅಲ್ಲಾ... ಏನಂದಿಪಾ ಹೊನ್ನೂರಪ್ಪಾ!"

ಟಿವಿಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದ ಹುಲಿಗವ್ವ ನಿಧಾನವಾಗಿ ತಿರುಗಿದಳು. ಅವಳ ಎರಡೂ ಕೈಯಲ್ಲಿ ಡಜನ್ ಡಜನ್ ಹಸಿರು ಗಾಜಿನ ಬಳೆ. ಕಣ್ಣಲ್ಲಿ ಕೆಂಡ!

ಗಂಗಾವತಿಯಲ್ಲಿ, ಅದೂ ಶುಕ್ರವಾರದ ದಿನ, ಮದುವೆಯಾಗದ ಹುಡುಗಿಗೆ ಬಳೆ ತೆಗೆದಿಡು ಅನ್ನುವ ಗಂಡಸು ಹುಚ್ಚನಾಗಿರಬೇಕು, ಇಲ್ಲವೇ ಅಕ್ಕತಂಗಿಯರಿಲ್ಲದ ಮನೆಯಲ್ಲಿ ಬೆಳೆದಿರಬೇಕು. ಹೊನ್ನೂರಪ್ಪ ಎರಡನೆಯ ಜಾತಿ. ಕುಷ್ಟಗಿಯವನು. ಐಟಿಐ ಮುಗಿಸಿ ಉಮರಸಾಬನ ಅಂಗಡಿಯಲ್ಲಿ ಟಿವಿ, ರೇಡಿಯೋ ರಿಪೇರಿಗೆ ನಿಂತು ಮೂರು ತಿಂಗಳಾಗಿತ್ತು. ತಂತಿ, ಬೆಸುಗೆ, ವಾಲ್ವು ಎಲ್ಲ ಗೊತ್ತು. ಹೆಂಗಸರ ಬಳೆಯ ಸಂಗತಿ ಗೊತ್ತಿರಲಿಲ್ಲ.

"ನನ್ನ ಬಳಿ ತಗೀ ಅನ್ನಾಕ ನೀ ಯಾರೋ?"

"ಅಲ್ರೀ... ನಿಮ್ಮ ಬಳಿ ಬಡದು ಆ ಸ್ವಿಚ್ಚು ಒತ್ತೇತಿ. ಆಟ ಮೊದಲಿಂದ ಸುರುವಾತು. ಅದಕ್ಕ ಅಂದೆ..."

"ಸ್ವಿಚ್ಚು ಅಲ್ಲಿ ಇಟ್ಟಾಂವನ್ನ ಬೈಯಿ! ನನ್ನ ಕೈಗೆ ಯಾಕ ಬರ್ತಿ?"

ಅದು ೧೯೮೭ನೇ ಇಸವಿ. ಕೊಪ್ಪಳ, ಗಂಗಾವತಿ ಎಲ್ಲ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇದ್ದ ಕಾಲ. ಹುಬ್ಬಳ್ಳಿಯ ಒಬ್ಬ ದೊಡ್ಡ ವ್ಯಾಪಾರಿ, ಎಲ್ಲರೂ ಶೆಟ್ಟರು ಅನ್ನುತ್ತಿದ್ದರು, ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯೊಂದನ್ನು ಉಮರಸಾಬನಿಗೆ ಕಳಿಸಿದ್ದರು. ಹದಿನೈದು ದಿನ ಇಟ್ಟುಕೊಂಡು ಆಡಿ, ಆಡಿಸಿ, ಹನ್ನೆರಡು ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು. ಚಿತ್ರ ಹೇಗೆ, ಸದ್ದು ಹೇಗೆ, ಜನ ಇಷ್ಟಪಡುತ್ತಾರೋ ಇಲ್ಲವೋ... ವರದಿ ನೋಡಿ ಮೆಚ್ಚಿದರೆ ಮೂರು ತಾಲೂಕಿಗೆ ಉಮರಸಾಬನೇ ಏಜೆಂಟ್.

ಆಟಕ್ಕೆ ಪೆಟ್ಟಿಗೆಯ ಮೇಲೆ ಏನೋ ಇಂಗ್ಲಿಷ್ ಹೆಸರಿತ್ತು. ಊರು ಅದಕ್ಕೆ ಚುಕ್ಕಿ ಆಟ ಅಂತ ಹೆಸರಿಟ್ಟಿತು. ಕರಿಯ ಪರದೆಯ ತುಂಬ ಬಿಳಿಯ ಚುಕ್ಕಿ. ಕೆಳಗೆ ನಮ್ಮದೊಂದು ಪುಟ್ಟ ಆಕಾಶನೌಕೆ. ಮೇಲಿಂದ ಸಾಲು ಸಾಲಾಗಿ ಇಳಿಯುವ ವೈರಿ ನೌಕೆಗಳು. ಕಡ್ಡಿ ಅಲುಗಿಸಿ ತಪ್ಪಿಸಿಕೊಳ್ಳಬೇಕು, ಕೆಂಪು ಗುಂಡಿ ಒತ್ತಿ ಸುಡಬೇಕು. ಮೂರು ಜೀವ. ಮೂರೂ ಹೋದರೆ ಮುಂದಿನವರ ಪಾಳಿ.

ಹುಲಿಗವ್ವ ಆ ದಿನ ಬಂದದ್ದು ಅಜ್ಜಿ ಮುದಕಮ್ಮನ ರೇಡಿಯೋ ರಿಪೇರಿಗೆ ಕೊಡಲು. ಗಂಡಸರ ಗುಂಪಿನ ಹಿಂದೆ ನಿಂತು ಆಟ ನೋಡಿದಳು. ಆ ಇಳಿಯುವ ನೌಕೆಗಳ ಸಾಲು ನೋಡಿದ್ದೇ ಮುಂದಕ್ಕೆ ಬಾಗಿದಳು. ಅರೇ... ಇದು ಅಜ್ಜಿ ಹೇಳುವ ಏಳು ಸಾಲು ರಾಕ್ಷಸರ ಕಥೆಯೇ ಅಲ್ಲವೇ? ಪರದೆಯಲ್ಲಿ ಎರಡನೆಯ ಸಾಲಿನ ಎಡತುದಿಯ ನೌಕೆ ಇಳಿಯುವ ಮೊದಲು ಒಮ್ಮೆ ನಡುಗುತ್ತದೆ. ಇವರ್ಯಾರೂ ಅದನ್ನು ನೋಡೇ ಇಲ್ಲ!

"ನಾ ಒಂದ ಪಾಳಿ ಆಡ್ಲೇನು?" ಅಂದಳು.

"ಹೆಣ್ಮಕ್ಕಳ ಆಟ ಅಲ್ರಿ ಇದು" ಅಂದಿದ್ದ ಹೊನ್ನೂರಪ್ಪ, ಕಣ್ಣೆತ್ತದೆ.

ಅಷ್ಟು ಸಾಕಾಯಿತು. ಸ್ಟೂಲು ಎಳೆದುಕೊಂಡು ಕುಳಿತೇಬಿಟ್ಟಳು. ಗೋಡೆಯ ಕರಿಹಲಗೆಯ ಮೇಲೆ ಎಲ್ಲರಿಗಿಂತ ಮೇಲೆ ಹೊನ್ನೂರಪ್ಪನ ಹೆಸರು, ನಾಲ್ಕು ಸಾವಿರದ ಇನ್ನೂರು. ಹುಲಿಗವ್ವ ಮೊದಲ ಪಾಳಿಯಲ್ಲೇ ನಾಲ್ಕು ಸಾವಿರ ಮುಟ್ಟಿದಳು. ಇನ್ನೇನು ದಾಟಬೇಕು... ಬಳೆ ತಾಗಿ, ಕಡ್ಡಿಯ ಪಕ್ಕದ ಸ್ವಿಚ್ಚು ಒತ್ತಿ, ಎಲ್ಲಾ ಸೊನ್ನೆ!

ಗಂಡಸರು ನಕ್ಕರು. ಆಮೇಲೆ ಆ ಮಾತು.

ಈಗ ಅವಳು ಎದ್ದು ನಿಂತು, ಬಳೆ ಘಲ್ಲೆನ್ನುವಂತೆ ಕೈ ಕೊಡವಿ ಹೇಳಿದಳು: "ನಿನ್ನ ಕಾಗದದಾಗ ಬರಕೋ. ಈ ಪೆಟಿಗಿ ಮಾಡಿದಾಂವ ಜನ್ಮದಾಗ ಹೆಂಗಸರ ಕೈ ನೋಡಿಲ್ಲ ಅಂತ ಬರಕೋ, ಹೊನ್ನೂರಪ್ಪಾ!"

ಹೋಗಿಬಿಟ್ಟಳು. ರೇಡಿಯೋ ಅಲ್ಲೇ ಉಳಿಯಿತು.

*

ಮರುದಿನ ಮಧ್ಯಾಹ್ನ ಓಣಿಯಲ್ಲಿ ಸೈಕಲ್ ಗಂಟೆ.

ಹುಲಿಗವ್ವ ಕಟ್ಟೆಯ ಮೇಲೆ ಕುಳಿತು ನೆರೆಮನೆಯ ಯಮನೂರಮ್ಮನ ಮಗಳಿಗೆ ಕಾಗದ ಬರೆದುಕೊಡುತ್ತಿದ್ದಳು. ಪಿಯುಸಿ ಓದಿದವಳು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಓಣಿಯ ಕಾಗದಗಳೆಲ್ಲ ಅವಳ ಕೈಯಿಂದಲೇ ಹೋಗುತ್ತಿದ್ದವು. ತಾಯಿ ಇಲ್ಲ. ತಂದೆ ಮುದುಕಪ್ಪ ಕಾಲುವೆಯ ಗೇಟು ಕಾಯುವ ಕೆಲಸದವನು, ವಾರಕ್ಕೊಮ್ಮೆ ಮನೆಗೆ. ಬೆಳೆಸಿದ್ದೆಲ್ಲ ಅಜ್ಜಿ, ಅಜ್ಜಿಯ ಕಥೆಗಳು.

ತಲೆ ಎತ್ತಿದರೆ ಹೊನ್ನೂರಪ್ಪ! ಕ್ಯಾರಿಯರ್‌ನಲ್ಲಿ ರೇಡಿಯೋ.

"ತಪ್ಪಾತ್ರಿ" ಅಂದ. ನಿಂತ ನಿಲುವಿನಲ್ಲೇ. "ನಿನ್ನೆ ಉಮರಸಾಬರ ಹೇಣ್ತಿ ಸರ್ದಾರಬೀ ಕಾಕಿ ಕಿವಿ ಹಿಂಡಿ ತಿಳಿಸಿ ಹೇಳಿದ್ರು. ನನಗ ಖರೇನ ಗೊತ್ತಿರಲಿಲ್ಲ. ನಮ್ಮ ಮನ್ಯಾಗ ನಾವು ನಾಕೂ ಮಂದಿ ಗಂಡಸರ. ಅವ್ವ ತೀರಿ ಭಾಳ ದಿನಾತು."

ಒಳಗಿಂದ ಅಜ್ಜಿ ಮುದಕಮ್ಮ ಕೂಗಿದಳು: "ಯಾರವಾ ಅದು? ಬಳಿ ಬಿಚ್ಚಸಾವೇನು?"

ಹೊನ್ನೂರಪ್ಪನ ಕಿವಿ ಕೆಂಪಾಯಿತು. ಜೇಬಿನಿಂದ ಒಂದು ಬಾಗಿಸಿದ ತಗಡಿನ ಚೂರು ತೆಗೆದ. "ಎಣ್ಣಿ ಡಬ್ಬಿ ತಗಡು. ಇಂಥಾದ ಇನ್ನೊಂದನ್ನ ಸ್ವಿಚ್ಚಿನ ಮ್ಯಾಲೆ ಕಮಾನಿನಂಗ ಹಚ್ಚಿ ಬಂದೀನಿ. ಈಗ ಎಷ್ಟ ಡಜನ್ ಬಳಿ ಇದ್ರೂ ತಾಗೂದಿಲ್ಲ. ಬಂದು ಆಡಿ ನೋಡ್ರಿ."

"ನಾ ಯಾಕ ಬರ್ಲಿ?"

"ಏಳನೇ ಪ್ರಶ್ನೆ... 'ಈ ಆಟವನ್ನು ಮಹಿಳೆಯರು ಆಡುತ್ತಾರೆಯೇ?' ನಾ 'ಇಲ್ಲ' ಅಂತ ಬರದಿದ್ದೆ. ನಿನ್ನೆ ನೀವು ಅದನ್ನ ಸುಳ್ಳು ಮಾಡಿದ್ರಿ. ಸುಳ್ಳು ವರದಿ ಕಳಸಾಕ ನನಗ ಆಗೂದಿಲ್ಲ. ಸಹಾಯ ಮಾಡ್ರಿ."

ಹುಲಿಗವ್ವ ಅವನ ಮುಖವನ್ನೇ ನೋಡಿದಳು. ತಪ್ಪು ಮಾಡಿ ತಗಡು ಬಾಗಿಸಿಕೊಂಡು ಬಂದ ಗಂಡಸನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಬರ್ತೀನಿ. ಆದ್ರ ಒಂದು ಮಾತು. ವರದಿ ಕೆಳಗ ನನ್ನ ಹೆಸರಿರಬೇಕು. 'ಒಬ್ಬ ಮಹಿಳೆ' ಅಂತ ಬರದ್ರ ನಡಿಯೂದಿಲ್ಲ. ಹುಲಿಗವ್ವ ಅಂತನ ಇರಬೇಕು!"

"ಇಬ್ಬರ ಹೆಸರೂ ಬರಿಯೂಣು."

"ಆತು. ಇಬ್ಬರದೂ. ಮಾತು ತಪ್ಪಬ್ಯಾಡ ಹೊನ್ನೂರಪ್ಪಾ!"

*

ಆಮೇಲಿನ ದಿನಗಳಲ್ಲಿ ಗಂಗಾವತಿ ಬಸ್‌ಸ್ಟ್ಯಾಂಡಿನ ತನಕ ಕೇಳುವ ಹಾಗೆ ಆ ಹೆಸರು ಅವಳ ಬಾಯಲ್ಲಿ ಕುಣಿಯಿತು.

"ಏ ಹೊನ್ನೂರಪ್ಪಾ, ಸಪ್ಪಳ ಸಣ್ಣದು ಮಾಡು!"

"ಹೊನ್ನೂರಪ್ಪಾ, ಈ ಕಡ್ಡಿ ಎಡಕ್ಕ ಜಗ್ಗಿದ್ರ ಒದ್ದಾಡ್ತೈತಿ, ಬರಕೋ!"

ಮಧ್ಯಾಹ್ನ ಎರಡರಿಂದ ಐದರವರೆಗೆ ಹೆಂಗಸರ ಪಾಳಿ ಅಂತ ಅವಳೇ ಕರಿಹಲಗೆಯ ಮೇಲೆ ಬರೆದಳು. ಗಂಡಸರು ಗೊಣಗಿದರು. "ಕಾಲುವಿ ನೀರಿಗೆ ಪಾಳಿ ಇಲ್ಲೇನು? ಮ್ಯಾಲಿನ ಹೊಲದಾಂವ ಅಷ್ಟ ಕುಡದ್ರ ಕೆಳಗಿನಾಂವ ಸಾಯ್ಬೇಕೇನು?" ಅಂದಳು. ಗಂಡಸರು ಸ್ಟೂಲು ಬಿಟ್ಟು ಎದ್ದರು.

ಉಮರಸಾಬನ ಹೆಂಡತಿ ಸರ್ದಾರಬೀ ಬಂದಳು. ಮೊದಲ ದಿನ ಕಡ್ಡಿ ಮುಟ್ಟಲು ಹೆದರಿದವಳು ಮೂರನೆಯ ದಿನ, "ಮರ್ ಜಾ, ಮರ್ ಜಾ!" ಎಂದು ಹಲ್ಲು ಕಚ್ಚಿ ಸುಟ್ಟಳು. ಅಜ್ಜಿ ಮುದಕಮ್ಮನೂ ಕೋಲೂರಿಕೊಂಡು ಬಂದು ಒಂದು ತಾಸು ನೋಡಿದಳು.

"ಕಡೀಕ ಏನಾಗ್ತೈತಿ?" ಕೇಳಿದಳು ಅಜ್ಜಿ.

"ಏನೂ ಆಗೂದಿಲ್ಲ ಅಜ್ಜೀ. ಮತ್ತ ಅವ ಬರ್ತಾವು, ಜೋರಾಗಿ."

"ಹಂಗಂದ್ರ? ರಾಕ್ಷಸನ ಜೀವ ಎಲ್ಲಿಟ್ಟಾರ? ಗಿಣಿಯಾಗೋ, ಗುಂಡ್ಕಲ್ಲಿನಾಗೋ? ಅದು ಸಿಗಲಿಲ್ಲಂದ್ರ ಅದೆಂಥಾ ಕಥಿ?"

ಹುಲಿಗವ್ವ ಅದನ್ನೂ ಬರೆದುಕೊಂಡಳು. ಹೊನ್ನೂರಪ್ಪ ನಗಲಿಲ್ಲ. "ಛಲೋ ಪ್ರಶ್ನೆ" ಅಂದ. "ಎಲ್ಲಾರೂ ಚಿತ್ರ ಚಂದ ಐತಿ ಅಂತಾರ. ಅಜ್ಜಿ ಒಬ್ರ ಕಥಿ ಕೇಳಿದ್ರು."

ಆ ರಾತ್ರಿ ಊಟ ಮಾಡುವಾಗ ಹುಲಿಗವ್ವನಿಗೆ ಸುಮ್ಮಸುಮ್ಮನೆ ನಗು ಬಂತು. ಯಾಕೆ ಅಂತ ತನ್ನನ್ನು ತಾನೇ ಬೈದುಕೊಂಡಳು.

ಮತ್ತೆ ಹನ್ನೊಂದನೆಯ ದಿನ, ಆ ಸೋಮವಾರ...

ನಾಲ್ಕು ಗಂಟೆಗೆ ಊರಿನ ಅಕ್ಕಿ ಗಿರಣಿಗಳೆಲ್ಲ ಒಮ್ಮೆಗೇ ಶುರುವಾಗುತ್ತಿದ್ದವು. ಆಗ ಕರೆಂಟು ಕುಸಿಯುತ್ತಿತ್ತು. ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಮುದುಡಿ, ಒಂಬತ್ತನೆಯ ಸುತ್ತಿನಲ್ಲಿ ಆಟ ನಿಂತುಬಿಡುತ್ತಿತ್ತು. ಒಂಬತ್ತನ್ನು ಮುಟ್ಟುತ್ತಿದ್ದವಳು ಹುಲಿಗವ್ವ ಒಬ್ಬಳೇ, ಅವಳು ಮುಟ್ಟುವಷ್ಟರಲ್ಲಿ ನಾಲ್ಕಾಗುತ್ತಿತ್ತು; ಎಂಟು ದಿನದಿಂದ ಅದೇ ಗೋಳು. ಯಾರೂ ಹತ್ತನೆಯ ಸುತ್ತು ಕಂಡಿರಲಿಲ್ಲ. ಹತ್ತನೆಯದರಲ್ಲಿ ಏನಿದೆ ಅಂತ ಗೊತ್ತಿಲ್ಲದೆ ವರದಿ ಬರೆಯುವುದು ಹೇಗೆ?

ಅಂಗಡಿಯಲ್ಲಿ ಹಳೆಯದೊಂದು ವೋಲ್ಟೇಜ್ ಏರಿಸುವ ಪೆಟ್ಟಿಗೆ ಇತ್ತು. ಕೈಯಿಂದ ಗುಂಡಿ ತಿರುಗಿಸಬೇಕು. ಕರೆಂಟು ಇಳಿದಾಗ ಏರಿಸಬೇಕು. ಗಿರಣಿ ನಿಂತು ಕರೆಂಟು ತಟ್ಟನೆ ಏರಿದರೆ ಅದೇ ಕ್ಷಣ ಇಳಿಸಬೇಕು, ಇಲ್ಲದಿದ್ದರೆ ಟಿವಿಯೇ ಸುಟ್ಟುಹೋದೀತು.

"ನೀವು ಆಡ್ರಿ. ಗುಂಡಿ ನಾ ನೋಡ್ಕೋತೀನಿ" ಅಂದ ಹೊನ್ನೂರಪ್ಪ.

ಒಂಬತ್ತನೆಯ ಸುತ್ತು. ಎರಡು ಜೀವ ಹೋಗಿದ್ದವು. ಉಳಿದದ್ದು ಒಂದೇ. ಚಿತ್ರ ಮುದುಡತೊಡಗಿತು... ಅವನು ಗುಂಡಿ ತಿರುಗಿಸಿದ. ಅರಳಿತು. ಮತ್ತೆ ಮುದುಡಿತು. ಮತ್ತೆ ತಿರುಗಿಸಿದ. ವೋಲ್ಟೇಜ್ ತೋರಿಸುವ ಮುಳ್ಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಪೆಟ್ಟಿಗೆ ಕಾದು ಬಿಸಿಯಾಯಿತು. ಕೈವಸ್ತ್ರ ಸುತ್ತಿಕೊಂಡು ಹಿಡಿದ. ಬೆವರು ಗದ್ದದಿಂದ ತೊಟ್ಟಿಕ್ಕಿದರೂ ಒರೆಸಿಕೊಳ್ಳಲಿಲ್ಲ. ಮುಕ್ಕಾಲು ತಾಸು!

ಹತ್ತನೆಯ ಸುತ್ತು ಬಂತು. ಬಂದದ್ದು ಅವೇ ವೈರಿಗಳು. ಬಣ್ಣ ಮಾತ್ರ ಬೇರೆ.

ಅಂಗಡಿಯವರೆಲ್ಲ ಕೇಕೆ ಹಾಕಿದರು. ಹುಲಿಗವ್ವ ತಿರುಗಿ ನೋಡಿದಳು. ಅವನ ಅಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು. ಅವನು ಮಾತ್ರ ಗಳಿಸಿದ ಅಂಕದ ಕಡೆ ನೋಡದೆ ಅವಳನ್ನೇ ನೋಡುತ್ತಿದ್ದ.

'ಈ ಮನುಷ್ಯ... ನನ್ನ ಒಂದು ಸುಳ್ಳು ಜೀವ ಉಳಿಸಲಿಕ್ಕೆ ಇಷ್ಟು ಕಷ್ಟಪಟ್ಟನೇ? ನಿಜವಾದದ್ದಕ್ಕೆ ಇನ್ನೆಷ್ಟು...?'

ಹೆಸರು ಹಿಡಿದು ಕೂಗಲು ಬಾಯಿ ತೆರೆದಳು. ಹೆಸರು ಗಂಟಲಲ್ಲೇ ನಿಂತಿತು. ಬರಲೇ ಇಲ್ಲ!

"ಕೈಗೆ... ಎಣ್ಣಿ ಹಚ್ಚಕೋರಿ" ಅಂದಳು, ಪಿಸುದನಿಯಲ್ಲಿ.

*

ಅಜ್ಜಿಯ ಒಂದು ಕಥೆಯಿತ್ತು. ಮೋಡದ ಊರಿನ ಅರಸನನ್ನು ಮದುವೆಯಾದವಳು ಆಸೆ ತಡೆಯಲಾರದೆ ಗಂಡನ ಹೆಸರು ಹಿಡಿದು ಕೂಗಿದಳಂತೆ. ಕೂಗಿದ ಗಳಿಗೆಗೇ ಅವನು ಮೋಡವಾಗಿ ಕರಗಿಹೋದನಂತೆ. ಕಟ್ಟಿಕೊಂಡವನ ಹೆಸರು ಬಾಯಲ್ಲಿ ಆಡಬಾರದು, ಅವನ ಆಯುಷ್ಯ ಸವೆಯುತ್ತದೆ... ಓಣಿಯ ಹೆಂಗಸರೆಲ್ಲ ಹಾಗೇ ಬದುಕಿದ್ದರು. ಹೇಳಲೇಬೇಕಾದ ಶುಭದಿನದಲ್ಲಿ ಪ್ರಾಸ ಕಟ್ಟಿ, ಒಡಪು ಹಾಕಿ, ಅದರೊಳಗೆ ಹೆಸರನ್ನು ಬಚ್ಚಿಟ್ಟು ಹೇಳುತ್ತಿದ್ದರು.

ಆದರೆ ತನಗಿನ್ನೂ ಮದುವೆಯಾಗಿಲ್ಲ! ಅವನು ಕೇಳಿಲ್ಲ, ತಾನು ಹೇಳಿಲ್ಲ. ಮತ್ತೆ ಈ ನಾಲಿಗೆಗೆ ಏನಾಯಿತು?

ಊರಿಗೆಲ್ಲ ಎದುರು ಮಾತಾಡುವವಳು ಆ ಒಂದು ಕಟ್ಟಳೆಗೆ ತಾನಾಗಿ ತಲೆಬಾಗಿದ್ದಳು. ಯಾರೂ ಹೇಳಿರಲಿಲ್ಲ. ಯಾರಿಗೂ ಹೇಳಲಿಲ್ಲ.

ಅಂದಿನಿಂದ, "ಏನ್ರಿ", "ಇಲ್ಲಿ ನೋಡ್ರಿ" ಅಷ್ಟೇ. ಹೊನ್ನೂರಪ್ಪನಿಗೆ ಅದು ವಿಚಿತ್ರವೆನಿಸಿತು. ದಿನಕ್ಕೆ ನೂರು ಸಲ ಕೇಳುತ್ತಿದ್ದ ತನ್ನ ಹೆಸರು ಮಾಯ! ಯಾಕೆ ದೂರವಾದಳು? ಬಳೆಯ ಮಾತು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆಯೇ?

ಹದಿನಾಲ್ಕನೆಯ ದಿನ ಅವನು ಬಿಡಿಭಾಗ ತರಲು ಕೊಪ್ಪಳಕ್ಕೆ ಹೋದ. ಹುಲಿಗವ್ವ ವರದಿಯ ಶುದ್ಧಪ್ರತಿ ಬರೆದಳು, ಕಾರ್ಬನ್ ಇಟ್ಟು. ಬಳೆಯ ಸಂಗತಿ ಬರೆದಳು. ಗಿರಣಿಯ ಸಂಗತಿ ಬರೆದಳು. ಆಡಿದ ಹದಿನೆಂಟು ಜನರ ಹೆಸರು ಬರೆದಳು. ಕೆಳಗೆ, 'ಪರೀಕ್ಷೆ ಮಾಡಿ ಬರೆದವರು: ಹುಲಿಗವ್ವ' ಅಂತ ದೊಡ್ಡದಾಗಿ ಸಹಿ ಹಾಕಿದಳು.

ಅದರ ಕೆಳಗೆ, 'ಯಂತ್ರ ನೋಡಿಕೊಂಡವರು:'

ಪೆನ್ನು ನಿಂತಿತು. ಬರೆದರೂ ಹೇಳಿದ ಹಾಗೇ ಅಲ್ಲವೇ? ಸಾಲು ಖಾಲಿ ಬಿಟ್ಟಳು. ನಾಳೆ ಬಂದು ಅವರೇ ಬರೆದುಕೊಳ್ಳಲಿ.

ಆದರೆ ಉಮರಸಾಬ ಸಂಜೆಯ ಟಪಾಲಿಗೇ ಅದನ್ನು ಹಾಕಿಬಿಟ್ಟ! "ನಾಳೆ ಕಡೀ ದಿನ, ತಡಾ ಆದ್ರ ಶೆಟ್ಟರು ಬಿಡ್ತಾರೇನು?"

ಮರುದಿನ ಹೊನ್ನೂರಪ್ಪ ಕಾರ್ಬನ್ ಪ್ರತಿ ಎತ್ತಿಕೊಂಡ. ಕಣ್ಣು ಎಲ್ಲವನ್ನೂ ಬಿಟ್ಟು ಕೆಳಗಿನ ಸಾಲಿಗೇ ಹೋಯಿತು.

"ನನ್ನ ಹೆಸರು?"

ಹುಲಿಗವ್ವ ನೆಲ ನೋಡಿದಳು. ಅಂಗಡಿ ತುಂಬ ಜನ.

"ಸರ್ದಾರಬೀ ಕಾಕಿ ಹೆಸರೈತಿ. ಚಾ ಕೊಡಾವನ ಹೆಸರೈತಿ. ಇಬ್ಬರದೂ ಬರಿಯೂಣು ಅಂದಿದ್ದಿಲ್ಲ? ನಂದು ಯಾಕಿಲ್ಲ?"

"ಬರಿಯಾಕ... ಆಗಲಿಲ್ಲ."

"ಆಗಲಿಲ್ಲ? ಓಣಿಗೆಲ್ಲಾ ಕಾಗದ ಬರಿಯಾಕಿಗೆ ನಾಕ ಅಕ್ಷರ ಬರಿಯಾಕ ಆಗಲಿಲ್ಲ?"

'ತಿಳಿಯಬಾರದೇ? ಇಷ್ಟೂ ತಿಳಿಯಬಾರದೇ ನಿಮಗೆ?' ಮನಸ್ಸು ಕೂಗಿತು. ಹಟ ಬಾಯಿಗೆ ಬಂತು: "ಯಾಕ ಅಂತ ನೀವ ತಿಳ್ಕೋಬೇಕು. ನಾ ಬಿಡಿಸಿ ಹೇಳೂದಿಲ್ಲ!"

"ತಿಳೀತು" ಅಂದ ಅವನು. "ಬಳಿ ತಗೀ ಅಂದಾಂವನ ಹೆಸರು ನಿಮಗ ಬ್ಯಾಡಾಗೈತಿ."

ಆ ಸಂಜೆಯ ಬಸ್ಸಿಗೆ ಕುಷ್ಟಗಿಗೆ ಹೋಗಿಬಿಟ್ಟ. ಕರಿಹಲಗೆಯ ಮೇಲೆ ಅವನ ಹೆಸರು ಹಾಗೇ ಇತ್ತು. ಹುಲಿಗವ್ವ ಯಾರಿಗೂ ಒರೆಸಲು ಬಿಡಲಿಲ್ಲ.

*

ಹನ್ನೊಂದು ದಿನ. ಅಜ್ಜಿ ಕೇಳಿಯೇಬಿಟ್ಟಳು.

"ಮೊದಲ ಆ ಹುಡಗನ ಹೆಸರು ದಿನಾ ಹತ್ತ ಸಲ ಹೇಳ್ತಿದ್ದಿ. ಈಗ ಅಂವ, ಇಂವ ಅಂತೀಯಲ್ಲ, ಯಾಕ?"

ಹುಲಿಗವ್ವ ಅಜ್ಜಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಮುದಕಮ್ಮನ ಒರಟು ಕೈ ಅವಳ ನೆತ್ತಿ ಸವರಿತು.

"ಹುಚ್ಚಿ! ತಾಳಿಗಿಂತ ಮೊದಲ ಹೆಸರು ನುಂಗಿ ಕುಂತೀಯೇನು? ಅಂವಗ ಹೆಂಗ ತಿಳೀಬೇಕದು?"

ಮಂಗಳವಾರ ಬೆಳಗ್ಗೆ ಉಮರಸಾಬನಿಂದ ಹೇಳಿಕೆ ಬಂತು. ಶೆಟ್ಟರು ಹುಲಿಗಿಯ ಗುಡಿಗೆ ಬಂದವರು ಹಾಗೇ ಗಂಗಾವತಿಗೂ ಬರುತ್ತಿದ್ದಾರೆ, ವರದಿ ಬರೆದವರು ಇರಬೇಕು.

ಅಜ್ಜಿಯ ಜೊತೆ ಅಂಗಡಿಗೆ ಕಾಲಿಟ್ಟರೆ... ಮೂಲೆಯಲ್ಲಿ ಹೊನ್ನೂರಪ್ಪ! ಅವನಿಗೂ ಕಾರ್ಡು ಹೋಗಿತ್ತು. ಸೊರಗಿದ್ದ. ಅವಳ ಕಡೆ ನೋಡಲಿಲ್ಲ.

ಶೆಟ್ಟರು ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಹುಲಿಗೆಮ್ಮನ ದರ್ಶನ ಮುಗಿಸಿ ಬಂದವರು, ಮೊಣಕೈವರೆಗೆ ಹೊಸ ಹಸಿರು ಬಳೆ.

"ವರದಿ ಚಂದ ಐತಿ" ಅಂದರು ಶೆಟ್ಟರು. "ಆದ್ರ ಎರಡು ಮಾತು ತಗೀಬೇಕು. ಬಳೀದೊಂದು, ಕರೆಂಟಿಂದೊಂದು. ಇವನ್ನ ಓದಿದ್ರ ಬ್ಯಾರೆ ಊರಿನ ಅಂಗಡ್ಯಾವ್ರು ಮಾಲು ಎತ್ತೂದಿಲ್ಲ. ಮತ್ತ ಒಬ್ಬ ಹುಡಿಗಿ ಸಹಿ ಯಾಕ? ಮೆಕ್ಯಾನಿಕ್ಕು ಸಹಿ ಹಾಕ್ಲಿ. ಏಜೆನ್ಸಿ ಇವತ್ತ ಕೊಡ್ತೀನಿ."

ಉಮರಸಾಬನ ಮುಖ ಅರಳಿತು, ಮತ್ತೆ ಬಾಡಿತು. ಹುಲಿಗವ್ವನ ಕಡೆ ನೋಡಿ, "ಬೇಟಾ..." ಅಂದ.

"ಒಂದು ಅಕ್ಷರ ತಗಿಯೂದಿಲ್ರಿ" ಅಂದಳು ಹುಲಿಗವ್ವ. "ನೀವು ಖರೆ ಕೇಳಿ ಕಳಿಸಿದ್ರಿ, ಖರೆ ಬರದೀನಿ. ಸುಳ್ಳು ಬೇಕಿದ್ರ ಹುಬ್ಬಳ್ಳ್ಯಾಗ ಕುಂತ ಬರಕೋಬೇಕಿತ್ತು, ಹದಿನೈದು ದಿನ ನಮ್ಮನ್ನ ಯಾಕ ಆಡಿಸಿದ್ರಿ?"

ಶೆಟ್ಟರ ಹುಬ್ಬು ಏರಿತು. ಹೊನ್ನೂರಪ್ಪನ ಕಡೆ ಪೆನ್ನು ಚಾಚಿದರು. "ತಮ್ಮಾ, ನೀ ಹಾಕು ಸಹಿ. ಹೆಂಗೂ ಆಕಿ ನಿನ್ನ ಹೆಸರ ಬರದಿಲ್ಲ."

ಹುಲಿಗವ್ವ ಆ ಪೆನ್ನನ್ನೇ ನೋಡಿದಳು. ಮೂರನೆಯ ಜೀವ... ಗುಂಡಿ ಈಗ ಅವನ ಕೈಯಲ್ಲಿ.

ಹೊನ್ನೂರಪ್ಪ ಪೆನ್ನು ಮುಟ್ಟಲಿಲ್ಲ.

"ನನ್ನ ಹೆಸರು ಬರಲಿಲ್ಲ ಅಂತ ನನಗ ಸಿಟ್ಟು ಐತ್ರಿ. ಇಲ್ಲ ಅನ್ನೂದಿಲ್ಲ. ಆದ್ರ ಬರದದ್ದು ಖರೆ ಐತಿ. ಬರದಾಕಿ ಹೆಸರು ಅಳಿಸಿ ನನ್ನ ಹೆಸರು ಹಾಕಾಕ ನನಗ ಬರೂದಿಲ್ಲ."

"ಬಳಿ ತಾಗೂದು ಒಂದು ಮಾತ?" ಶೆಟ್ಟರು ನಕ್ಕರು.

"ನೋಡ್ರಲ್ಲ" ಅಂದ ಹೊನ್ನೂರಪ್ಪ. ಪೆಟ್ಟಿಗೆಯ ಮೇಲಿನ ತಗಡಿನ ಕಮಾನು ಕಿತ್ತು, ಪೆಟ್ಟಿಗೆಯನ್ನು ಶೆಟ್ಟರ ಹೆಂಡತಿಯ ಮುಂದೆ ಇಟ್ಟ. "ಅಕ್ಕಾರ, ಒಂದ ಪಾಳಿ ಆಡ್ರಿ."

"ಅಯ್ಯ, ನನಗೆಲ್ಲಿ ಬರ್ತದಪಾ!" ಎನ್ನುತ್ತಲೇ ಆಕೆ ಕಡ್ಡಿ ಹಿಡಿದರು. ಒಂದು ವೈರಿ ನೌಕೆ ಬಿತ್ತು. "ಅಯ್ಯ, ಬಿತ್ತಲ್ಲ!" ಮತ್ತೊಂದು. ಮುಖ ಕೆಂಪೇರಿತು, ಮುಂದಕ್ಕೆ ಬಾಗಿದರು. ಮೂರನೆಯ ಸುತ್ತು ದಾಟುವಷ್ಟರಲ್ಲಿ... ಘಲ್! ಎಲ್ಲಾ ಸೊನ್ನೆ.

"ಏ! ಯಾರು ಆರಿಸಿದವರು?" ಆಕೆ ಸಿಡಿದೆದ್ದರು.

"ನಿಮ್ಮ ಬಳಿ ತಾಗಿತ್ರಿ" ಅಂದಳು ಸರ್ದಾರಬೀ, ಸೆರಗಿನಲ್ಲಿ ನಗು ಮುಚ್ಚಿಕೊಂಡು. "ತಗದಿಟ್ಟು ಆಡ್ತೀರೇನು?"

"ತಾಯಿ ದರ್ಶನಕ್ಕ ಇಟ್ಟ ಬಳಿ ತಗೀಲ್ಯಾ?" ಆಕೆ ಗಂಡನ ಕಡೆ ತಿರುಗಿದ ರಭಸಕ್ಕೆ ಶೆಟ್ಟರು ಕುರ್ಚಿಯಲ್ಲಿ ಹಿಂದೆ ಸರಿದರು. "ರೀ, ಆ ಹುಡಿಗಿ ಬರದದ್ದು ಒಂದಕ್ಷರ ತಗದೀರಿ ಅಂದ್ರ ನೋಡ್ರಿ! ಇಂಥಾ ಪೆಟಿಗಿ ಮನ್ಯಾಗ ಯಾರು ಇಟ್ಕೋತಾರ?"

ಅಂಗಡಿ ಗೊಳ್ಳೆಂದಿತು. ಶೆಟ್ಟರೂ ಕೊನೆಗೆ ನಕ್ಕುಬಿಟ್ಟರು. "ಆತು, ಆತು. ತಗಡಿನ ಕಮಾನು ಎಲ್ಲಾ ಪೆಟಿಗಿಗೂ ಹಚ್ಚಸೂಣು. ಗಿರಣಿ ಊರಾಗ ವೋಲ್ಟೇಜಿನ ಪೆಟಿಗಿ ಕೂಡಿಸಿ ಮಾರೂಣು. ಉಮರಸಾಬ, ಏಜೆನ್ಸಿ ನಿಂದ. ಹುಡಿಗಿ ಸಹೀನೂ ಇರ್ಲಿ. ಈಗ ಈ ಖಾಲಿ ಸಾಲು ತುಂಬವಾ, ತಂಗಿ. ಯಂತ್ರ ನೋಡಿಕೊಂಡವರು ಯಾರು? ಹೆಸರು ಹೇಳು."

ಹುಲಿಗವ್ವ ಪೆನ್ನು ತೆಗೆದುಕೊಂಡಳು, ಮತ್ತೆ ಮೇಜಿನ ಮೇಲಿಟ್ಟಳು.

"ಬಿಡ್ರಿ" ಅಂದ ಹೊನ್ನೂರಪ್ಪ, ಬಾಗಿಲ ಕಡೆ ಹೆಜ್ಜೆ ಇಡುತ್ತ. "ಆಕಿಗೆ ನನ್ನ ಹೆಸರು ಹೇಳಾಕ ಮನಸಿಲ್ಲ."

ಠಕ್! ಅಜ್ಜಿಯ ಕೋಲು ಅವನ ದಾರಿಗೆ ಅಡ್ಡ ಬಿತ್ತು.

"ನಿಂದ್ರೋ ಮೂಳ! ಹೆಣ್ಮಗಳು ಯಾರ ಹೆಸರು ಹೇಳೂದಿಲ್ಲ, ಅದಾದ್ರೂ ತಿಳಿದೈತೇನು ನಿನಗ?"

ಅವನು ನಿಂತ. ಅಜ್ಜಿಯ ಮುಖ ನೋಡಿದ. ಹುಲಿಗವ್ವನ ಮುಖ ನೋಡಿದ. ಏನೋ ಒಂದು ನಿಧಾನವಾಗಿ ಅವನ ಕಣ್ಣಿನಲ್ಲಿ ಬೆಳಗಿತು...

"ಆದ್ರ... ಅದು ಲಗ್ನ ಆದವ್ರು..."

"ಹೌದು, ಲಗ್ನ ಆಗಿಲ್ಲ!" ಹುಲಿಗವ್ವ ತಲೆ ಎತ್ತಿದಳು. ಕಣ್ಣು ತುಂಬಿದ್ದರೂ ದನಿ ಅದೇ ಹಳೆಯ ಹುಲಿ. "ಆಗಿಲ್ಲ ಅಂತ ನಾಲಿಗಿ ಕೇಳವಲ್ದು, ನಾ ಏನ್ ಮಾಡ್ಲಿ?"

"ಒಡಪು ಹಾಕಿ ಹೇಳವಾ!" ಶೆಟ್ಟರ ಹೆಂಡತಿ ಚಪ್ಪಾಳೆ ತಟ್ಟಿದರು.

"ಪ್ಯಾಟ್ಯಾಗ? ಹಂದರಿಲ್ಲ, ಅಕ್ಕಿಕಾಳಿಲ್ಲ..." ಯಾರೋ ಗೊಣಗಿದರು.

ಹುಲಿಗವ್ವ ಆ ಗೊಣಗಿದವನ ಕಡೆ ಒಮ್ಮೆ ಕೆಕ್ಕರಿಸಿದಳು. ಸೆರಗು ಬಿಗಿದುಕೊಂಡು, ಪೇಟೆಯೆಲ್ಲ ಕೇಳಲಿ ಎಂಬಂತೆ ಹೇಳಿದಳು:

"ಕರೀ ಪರದ್ಯಾಗ ಬಿಳೀ ಚುಕ್ಕಿ ನೂರಾ ನೂರ,
ಗುಂಡಿ ತಿರುವಿ ನನ್ನ ಮೂರನೇ ಜೀವ ಉಳಿಸಿದಾಂವ... ಹೊನ್ನೂರ!"

ಸರ್ದಾರಬೀ ಓಡಿಬಂದು ಅವಳ ಗಲ್ಲ ನೀವಿ ನೆಟಿಗೆ ಮುರಿದಳು. ಅಜ್ಜಿ ಕೋಲೂರಿ ಎದ್ದು, "ನಿಮ್ಮಪ್ಪಗ ನಾ ಹೇಳ್ತೀನಿ. ಗೇಟು ಬಿಟ್ಟು ಬರ್ಲಿ ಇವತ್ತ" ಅಂದಳು.

ಹೊನ್ನೂರಪ್ಪ ಬಂದು, ಮೇಜಿನ ಮೇಲಿದ್ದ ವರದಿಯ ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದ. ಬೊಬ್ಬೆ ಆರಿದ ಕಲೆ ಅಂಗೈಯಲ್ಲಿತ್ತು. ಬರೆದ ಮೇಲೆ ಅವನ ಕಣ್ಣು ಮೇಲಕ್ಕೆ, ಹನ್ನೆರಡನೆಯ ಉತ್ತರದ ಮೇಲೆ ಬಿತ್ತು. ಅಂದು ಸಿಟ್ಟಿನಲ್ಲಿ ಓದದೇ ಬಿಟ್ಟದ್ದು.

'ಪ್ರಶ್ನೆ: ಈ ಆಟವನ್ನು ಬೇಸರವಿಲ್ಲದೆ ಎಷ್ಟು ದಿನ ಆಡಬಹುದು?

ಉತ್ತರ: ನಾಲ್ಕು ದಿನ. ಐದನೆಯ ದಿನದಿಂದ ಅವೇ ವೈರಿಗಳು, ಕೊನೆ ಇಲ್ಲದ ಕಥೆ. ಆದರೂ ನಾನು ಹದಿನಾಲ್ಕು ದಿನ ಬಂದು ಆಡಿದೆ. ಅದಕ್ಕೆ ಕಾರಣ ಆಟವಲ್ಲ.'

ಎರಡು ಸಲ ಓದಿದ. ಮೂರನೆಯ ಸಲ ಓದುವಷ್ಟರಲ್ಲಿ ಅಕ್ಷರ ಮಸುಕಾದವು.

ಜನರ ಗದ್ದಲದ ನಡುವೆ ಅವನು ಅವಳ ಪಕ್ಕಕ್ಕೆ ಬಂದ.

"ಇಷ್ಟೆಲ್ಲಾ ಬರದು ಹುಬ್ಬಳ್ಳಿಗೆ ಕಳಿಸಿ... ನನಗೊಂದ ಮಾತು ಹೇಳಲಿಲ್ಲಲ್ಲ?"

"ಓದಾಕ ಬರ್ತೈತಲ್ಲ ನಿಮಗ? ಓದಬೇಕಿತ್ತು."

"ತಪ್ಪಾತು." ಅವನು ನಕ್ಕ. "ಇನ್ನ ಮ್ಯಾಲೆ ನನ್ನ ಹೆಂಗ ಕರೀತಿ?"

"ಕರಿಯೂದಿಲ್ಲ. ಈ ಬಳಿ ಸಪ್ಪಳ ಕೇಳಿದ್ರ ನೀವ ಬರಬೇಕು."

"ಮತ್ತ ನಾ ಬಳಿ ತಗದಿಡು ಅಂದ್ರ?"

ಹುಲಿಗವ್ವ ಎರಡೂ ಕೈ ಎತ್ತಿ, ಅವನ ಮೂಗಿನ ಮುಂದೆಯೇ ಘಲ್ಲೆನ್ನಿಸಿದಳು.

"ಅಂದು ನೋಡ್ರಿ!"